ನಡೆಯುವವರ ಪಾಲು

ನಮ್ಮ ಊರಿನಿಂದ ಗುಡ್ಡದ ಮೇಲಿನ ಸೇನಾ ನೆಲೆಗೆ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ, ಎಷ್ಟು ಜನ ಹೊರಟಿದ್ದೀರಿ ಎಂಬ ಮರುಪ್ರಶ್ನೆ ಬರುತ್ತದೆ. ಒಬ್ಬನೇ ಹೊರಟವನು ಬೆಳಗಿನಿಂದ ಕತ್ತಲಾಗುವವರೆಗೆ ನಡೆಯಬೇಕು. ಇಬ್ಬರಾದರೆ ದಾರಿ ಅರ್ಧ, ನಾಲ್ವರಾದರೆ ಕಾಲು. ದಾರಿಯ ಬದಿಯಲ್ಲಿ ಸೈನಿಕರು ಸುಣ್ಣ ಬಳಿದು ನಿಲ್ಲಿಸಿದ ಕಲ್ಲುಗಳಿವೆ. ದೊಡ್ಡ ಸಂಸಾರದವರಿಗೆ ಅವುಗಳಲ್ಲಿ ಕೆಲವು ಮಾತ್ರ ಎದುರಾಗುತ್ತವೆ. ಉಳಿದವು ಎಲ್ಲಿ ಹೋದವು ಎಂದು ಕೇಳುವ ಅಭ್ಯಾಸ ನಮ್ಮಲ್ಲಿಲ್ಲ.

ನಾನು ಕೆಲಸದಲ್ಲಿದ್ದಷ್ಟು ಕಾಲವೂ ಗುಡ್ಡದ ಬುಡದ ಸೇನಾ ಉಗ್ರಾಣದಲ್ಲಿ ಅಕ್ಕಿ, ಬೇಳೆ, ಸೀಮೆಎಣ್ಣೆಗಳನ್ನು ತಲೆಗೆ ಇಷ್ಟು ಎಂದು ಭಾಗಿಸಿ ಕೊಟ್ಟವನು. ಭಾಗಿಸಿದರೆ ಪಾಲು ಚಿಕ್ಕದಾಗುವುದು ಸಹಜ. ಆದ್ದರಿಂದ ದಾರಿಯ ನಡವಳಿಕೆ ನನಗೆ ಎಂದೂ ವಿಚಿತ್ರವೆನಿಸಲಿಲ್ಲ. ಗುಡ್ಡದ ಆಚೆ ಮಗ್ಗುಲಿನಲ್ಲಿ ಲಾರಿಗಳ ರಸ್ತೆಯೊಂದಿದೆ. ಅದು ಸೇನೆಯದು, ಊರಿನವರಿಗೆ ಅದರ ಮೇಲೆ ಕಾಲಿಡುವ ಅಪ್ಪಣೆಯಿಲ್ಲ. ನಮಗಿರುವುದು ಈ ಕಾಲುದಾರಿ ಮಾತ್ರ.

ಗುಂಡಿನ ಅಭ್ಯಾಸವಿಲ್ಲದ ದಿನಗಳಲ್ಲಿ ಕೆಳಗಿನ ಕಾವಲುಕಟ್ಟೆಯ ಮೇಲೆ ಹಸಿರು ಬಾವುಟ ಏರುತ್ತದೆ. ಅಂದು ಊರಿನ ಸಂಸಾರಗಳು ಬುತ್ತಿ ಕಟ್ಟಿಕೊಂಡು ಹೊರಡುತ್ತವೆ. ತೊರೆಯಲ್ಲಿ ಕಾಲು ಇಳಿಬಿಟ್ಟು ಕೂರುವುದು, ಮುಳ್ಳುಪೊದೆಯಿಂದ ಕಾಡುಹಣ್ಣು ಬಿಡಿಸುವುದು, ಮಕ್ಕಳು ಹುಲ್ಲಿನಲ್ಲಿ ಖಾಲಿ ತೋಟಾಗಳನ್ನು ಹುಡುಕುವುದು, ಕಾವಲಿನವನು ಗದರಿಸಿ ಅವನ್ನು ಕಿತ್ತುಕೊಳ್ಳುವುದು, ಹಿಂದಿರುಗುವಾಗ ಅವನೇ ಒಂದನ್ನು ಮರಳಿ ಕೊಡುವುದು. ನಮ್ಮ ಊರಿನ ವಿನೋದ ಇಷ್ಟೆ. ಮೇಲೆ ಧ್ವಜಸ್ತಂಭದ ಕೆಳಗೆ ವಿಶಾಲವಾದ ಹುಲ್ಲುಹಾಸಿದೆ. ಅದನ್ನು ತಲುಪುವ ಸಂಸಾರಗಳು ಬಹಳವಿಲ್ಲ.

ಹೆಗಲ ಮೇಲಿನ ಮಗುವೂ ಲೆಕ್ಕದಲ್ಲಿ ಪೂರ್ತಿ ಒಂದು. ಕೂಲಿಗೆ ಕರೆದವರು ಲೆಕ್ಕಕ್ಕಿಲ್ಲ. ಜವಳಿ ವ್ಯಾಪಾರಿಯೊಬ್ಬರು ಹಿಂದೊಮ್ಮೆ ತಮ್ಮ ಅಂಗಡಿಯ ಆಳುಗಳನ್ನೆಲ್ಲ ಸಾಲುಗಟ್ಟಿಸಿಕೊಂಡು ಹೊರಟಿದ್ದರು. ದಾರಿ ಒಬ್ಬನ ದಾರಿಯಾಗಿಯೇ ಉಳಿಯಿತು. ಕಾಲು ಬಾತು ಹಿಂದಿರುಗಿದ ಅವರು ಆಳುಗಳನ್ನು ಬೈದರಂತೆ. ಜಗಳವಾಡುವವರು ಮಾತ್ರ ತಪ್ಪದೆ ಲೆಕ್ಕಕ್ಕೆ ಬರುತ್ತಾರೆ, ಇದನ್ನು ನಾನು ಅನುಭವದಿಂದ ಬಲ್ಲೆ. ನಡೆಯುವವರಲ್ಲಿ ಯಾರಾದರೂ ಗುಡ್ಡಕ್ಕೆ ಬೆನ್ನು ಮಾಡಿ ಕುಳಿತರೆ ಆ ಗಳಿಗೆಯೇ ಅವರು ಲೆಕ್ಕದಿಂದ ಹೊರಗೆ. ಮುಂದಿನವರಿಗೆ ಧ್ವಜಸ್ತಂಭ ಹಿಂದೆ ಸರಿದದ್ದು ಕಣ್ಣಿಗೇ ಕಾಣುತ್ತದೆ. ಆದ್ದರಿಂದ ನಮ್ಮಲ್ಲಿ ಹಿರಿಯರು ದಣಿದರೂ ಗುಡ್ಡದ ಕಡೆ ಮುಖ ಮಾಡಿಯೇ ಕೂರುತ್ತಾರೆ.

ನನಗೆ ಒಬ್ಬಳೇ ಮಗಳು, ವಾರಿಜ. ಅವಳ ಗಂಡ ಫಕೀರೇಶ ಮೇಲಿನ ನೆಲೆಯಲ್ಲಿ ನಾಯಕ್ ದರ್ಜೆಯ ಸೈನಿಕ. ಬಯಲುಸೀಮೆಯವನು, ಮಾತು ಕಡಿಮೆ, ನಗು ಹೆಚ್ಚು. ಅವರಿಗೆ ಉಷೆ ಎಂಬ ಮಗಳಿದ್ದಾಳೆ, ಹಾಲುಹಲ್ಲು ಬೀಳುವ ವಯಸ್ಸು. ನನ್ನ ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ನಾವು ಮೂವರು ಉಳಿದಿದ್ದೆವು. ಆಮೇಲೆ ಫಕೀರೇಶನ ತಾಯಿ ನೀಲವ್ವ ಬಯಲಿನಿಂದ ಬಂದು ನಮ್ಮನ್ನು ನಾಲ್ವರು ಮಾಡಿದರು. ಅಂದಿನಿಂದ ಹಸಿರು ಬಾವುಟದ ದಿನಗಳಲ್ಲಿ ನಮ್ಮ ಸಂಸಾರ ಊಟದ ಹೊತ್ತಿಗೆ ಹುಲ್ಲುಹಾಸು ತಲುಪುತ್ತಿತ್ತು. ಆ ಬೀಗಿತ್ತಿಗೂ ನನಗೂ ಯಾವ ವಿಷಯದಲ್ಲಿಯೂ ಒಮ್ಮತವಿರಲಿಲ್ಲ. ನಾನು ಅನ್ನಕ್ಕೆ ಅಳತೆಯಿಟ್ಟು ಅಕ್ಕಿ ಹಾಕುವವನು; ಅವರು ಕಣ್ಣಂದಾಜಿನಲ್ಲಿ ಹಿಟ್ಟು ಕಲಸುವವರು. ಅವರ ರೊಟ್ಟಿ ಎಂದೂ ಉಳಿಯುತ್ತಿರಲಿಲ್ಲ, ಸಾಲದೆಯೂ ಹೋಗುತ್ತಿರಲಿಲ್ಲ. ಇದು ನನಗೆ ಸ್ವಲ್ಪ ಕಿರಿಕಿರಿಯನ್ನೇ ಉಂಟುಮಾಡುತ್ತಿತ್ತು.

ಆ ವರ್ಷ ಚಳಿಗಾಲಕ್ಕೆ ಮುಂಚೆ ಫಕೀರೇಶನ ತಂಡಕ್ಕೆ ಹಿಮದ ಠಾಣೆಗೆ ಹೋಗುವ ಆಜ್ಞೆಯಾಯಿತು. ಹಿಮದ ಠಾಣೆ ನೆಲೆಯಿಂದಲೂ ಆಚೆಗೆ, ಶಿಖರಗಳ ಬೆನ್ನಿಗಿದೆ. ಅಲ್ಲಿಗೆ ಹೋದವರು ಎರಡು ಚಳಿಗಾಲ ಕಳೆಯುವವರೆಗೆ ಮರಳುವುದಿಲ್ಲ. ಕೆಲವರು ಆಮೇಲೆಯೂ ಮರಳಿದ್ದಿಲ್ಲ. ತಂಡ ಹೊರಡುವ ಹಿಂದಿನ ದಿನ ನೆಲೆಯವರು ಸೈನಿಕರನ್ನು ಸಂಸಾರಗಳೊಡನೆ ಕಳೆಯಲು ಹುಲ್ಲುಹಾಸಿಗೆ ಬಿಡುತ್ತಾರೆ. ಅದನ್ನು ಬುತ್ತಿದಿನ ಎನ್ನುತ್ತೇವೆ. ಅಂದು ಅಳುವ ಪದ್ಧತಿಯಿಲ್ಲ. ಎಲ್ಲರೂ ಬುತ್ತಿ ಬಿಚ್ಚಿ ಉಣ್ಣುತ್ತಾರೆ, ಲಗೋರಿ ಆಡುತ್ತಾರೆ. ಧ್ವಜಸ್ತಂಭದ ನೆರಳು ಕಲ್ಲುಗೋಡೆಯನ್ನು ಮುಟ್ಟಿದಾಗ ಕಹಳೆ ಊದುತ್ತದೆ. ಸೈನಿಕರು ಒಳಗೆ, ಸಂಸಾರಗಳು ಕೆಳಗೆ. ಕಹಳೆಯ ಹೊತ್ತಿಗೆ ಹಾಜರಿಲ್ಲದ ಸೈನಿಕನಿಗೆ ಶಿಕ್ಷೆ ತಪ್ಪದು. ಕಹಳೆಯ ಹೊತ್ತಿಗೆ ಮೇಲೆ ತಲುಪದ ಸಂಸಾರಕ್ಕೆ ಅವನ ಮುಖ ಕಾಣದು.

ಆಜ್ಞೆ ಬಂದಂದಿನಿಂದ ನೀಲವ್ವನಿಗೂ ನನಗೂ ಹೊಸ ಜಗಳ ಹುಟ್ಟಿತು. ಮಗ ಠಾಣೆಯಿಂದ ಬರುವವರೆಗೆ ಸೊಸೆ, ಮೊಮ್ಮಗಳು ಬಯಲಿನ ತಮ್ಮ ಮನೆಯಲ್ಲಿರಬೇಕೆಂದು ಅವರ ವಾದ. ಮಗುವಿನ ಶಾಲೆ ಇಲ್ಲಿದೆ, ಆದ್ದರಿಂದ ಇಲ್ಲಿಯೇ ಇರಬೇಕೆಂದು ನನ್ನದು. ಇಬ್ಬರೂ ಕಾರಣಗಳನ್ನು ಒಂದೊಂದಾಗಿ ಎತ್ತಿ ಹೇಳಿದೆವು. ವಾರಿಜಳನ್ನು ಇಬ್ಬರೂ ಕೇಳಲಿಲ್ಲ. ಅವಳು ಒಲೆಯ ಮುಂದೆ ಕುಳಿತು ಗಂಡನಿಗಾಗಿ ದಪ್ಪ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು. ಹಾಲು ಉಕ್ಕಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಅವಳ ಮನಸ್ಸು ಈ ಸಂಸಾರದಿಂದಲೇ ಬೇರೆಯಾಗುತ್ತಿದೆಯೇನೋ ಎಂಬ ಅನುಮಾನ ನನ್ನಲ್ಲಿ ಬೆಳೆಯಿತು. ನೀಲವ್ವನಲ್ಲಿಯೂ ಅದೇ ಬೆಳೆಯಿತೆಂದು ಆಮೇಲೆ ತಿಳಿಯಿತು.

ಬುತ್ತಿದಿನ ಬೆಳಿಗ್ಗೆ ದಟ್ಟವಾದ ಮಂಜು ಕವಿದಿತ್ತು. ಬಾವುಟ ಏರುವುದಕ್ಕೆ ತಡವಾಯಿತು. ಕಾವಲುಕಟ್ಟೆಯ ಮುಂದೆ ಸಂಸಾರಗಳು ಗಂಟುಗಳ ಮೇಲೆ ಕುಳಿತು ಕಾಯುತ್ತಿದ್ದವು. ಕಾವಲಿನವನು ನಮ್ಮನ್ನು ಎಣಿಸಿ, ನಾಲ್ವರು, ಮಧ್ಯಾಹ್ನದ ಹೊತ್ತಿಗೆ ಮುಟ್ಟುತ್ತೀರಿ ಎಂದು ಹೇಳಿ ಬಿಟ್ಟ. ನನ್ನ ಅಂದಾಜೂ ಅದೇ ಆಗಿತ್ತು. ನೀಲವ್ವ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಗಂಟನ್ನು ತಲೆಯ ಮೇಲಿಟ್ಟುಕೊಂಡರು. ಉಷೆ ಲಗೋರಿಯ ಚೆಂಡನ್ನು ಹಿಡಿದಳು. ವಾರಿಜಳ ಕಂಕುಳಲ್ಲಿ ಕಾಲುಚೀಲಗಳ ಪೊಟ್ಟಣವಿತ್ತು.

ತೊರೆ ದಾಟಿದೆವು. ಸೀಳುಬಂಡೆಯ ಸಂದಿಯಲ್ಲಿ ಒಬ್ಬೊಬ್ಬರಾಗಿ ಅಡ್ಡಡ್ಡ ಸರಿದೆವು. ನೀಲವ್ವನ ಗಂಟು ಅಲ್ಲಿ ಸಿಕ್ಕಿಕೊಂಡಿತು. ಬುತ್ತಿಯನ್ನು ಸಣ್ಣ ಗಂಟುಗಳಾಗಿ ಹಂಚಿ ಕಟ್ಟಬೇಕಿತ್ತೆಂದು ನಾನು ಹೇಳಿದೆ. ಬಂಡೆಯನ್ನೇ ಹಂಚಿ ಕೊಡಬಾರದೇ ಎಂದು ಅವರು ಕೇಳಿದರು. ಉಷೆ ನಕ್ಕಳು. ವಾರಿಜ ಮುಂದೆ ಹೋಗುತ್ತಲೇ ಇದ್ದಳು. ನಮ್ಮಲ್ಲೆಲ್ಲ ಚುರುಕಾಗಿ ನಡೆಯುತ್ತಿದ್ದವಳು ಅವಳೇ ಎಂಬುದನ್ನು ಇಲ್ಲಿ ಹೇಳಬೇಕು.

ಕವಲುಮರದ ತಿರುವಿನಲ್ಲಿ ನನಗೆ ಲೆಕ್ಕ ತಪ್ಪಿದ್ದು ಗೊತ್ತಾಯಿತು. ನಾಲ್ವರಾಗಿ ಬಂದಾಗ ಆ ತಿರುವಿನಲ್ಲಿ ಧ್ವಜದ ಬಣ್ಣಗಳು ತಿಳಿಯುತ್ತಿದ್ದವು. ಈಗ ಮಂಜು ಪೂರ್ತಿ ಹರಿದಿದ್ದರೂ ಬರಿಯ ಕಡ್ಡಿಯೊಂದು ಕಾಣುತ್ತಿತ್ತು. ನಾನು ಎಂದೂ ನೋಡದ ಸುಣ್ಣದ ಕಲ್ಲುಗಳು ಎದುರಾಗತೊಡಗಿದವು. ಒಂದರ ತಲೆಯ ಮೇಲೆ ಹಾವಸೆ ಬೆಳೆದಿತ್ತು, ಇನ್ನೊಂದು ನೆಲಕ್ಕೆ ಒರಗಿತ್ತು. ನಾನು ನಿಂತು ಭಾಗಿಸಿ ನೋಡಿದೆ. ದಾರಿ ನಾಲ್ವರದಲ್ಲ, ಮೂವರದು. ನಮ್ಮೊಳಗೆ ಯಾರೋ ಒಬ್ಬರು ನಡೆಯುತ್ತಿದ್ದರೂ ಜೊತೆಯಲ್ಲಿರಲಿಲ್ಲ. ಹೀಗೆಯೇ ಹೋದರೆ ಹುಲ್ಲುಹಾಸಿನ ಅಂಚು ಸೇರುವ ಹೊತ್ತಿಗೆ ಕಹಳೆಗೆ ಸ್ವಲ್ಪವೇ ಹೊತ್ತು ಉಳಿದಿರುತ್ತದೆ.

ನಾನು ಅದನ್ನು ಹೇಳಿದಾಗ ನೀಲವ್ವ ಗಂಟನ್ನು ಕೆಳಗಿಳಿಸಿದರು. ಜೊತೆಯಿಲ್ಲದವನು ನಾನೇ ಎಂಬುದು ಅವರ ತೀರ್ಮಾನ. "ಬೀಗರ, ನಿಮಗ ಎಲ್ಲಾರ ಜೋಡಿ ನಡದು ರೂಢಿ ಎಲ್ಲೈತಿ? ನೀವು ಎಣಸೂ ಮಂದಿ. ಎಣಸಾಂವ ಹೊರಗ ನಿಂತ ಎಣಸ್ತಾನ" ಎಂದರು. ನನಗೆ ಅವರ ಮೇಲೆ ಅನುಮಾನವಿತ್ತು. ಸೊಸೆಯನ್ನು ಕರೆದುಕೊಂಡು ಹೋಗುವ ಹಟದಲ್ಲಿ ಅವರ ಮನಸ್ಸು ಆಗಲೇ ಬಯಲಿನಲ್ಲಿರಬೇಕೆಂದು ನಾನು ಎಣಿಸಿದ್ದೆ. ಆದರೆ ಅನುಮಾನ ಲೆಕ್ಕವಲ್ಲ. ಕಳೆದು ನೋಡೋಣ, ಒಬ್ಬೊಬ್ಬರಾಗಿ ಗುಡ್ಡಕ್ಕೆ ಬೆನ್ನು ಮಾಡಿ ಕೂರೋಣ ಎಂದೆ. ಯಾರು ಕುಳಿತಾಗ ಧ್ವಜಸ್ತಂಭ ಅಲುಗದೆ ನಿಲ್ಲುತ್ತದೆಯೋ ಅವರು ಲೆಕ್ಕದಲ್ಲಿಲ್ಲ. ನಮ್ಮ ಊರಿನಲ್ಲಿ ಇದನ್ನು ಯಾರೂ ಮಾಡಿದ್ದಿಲ್ಲ. ಮಾಡಬಾರದೆಂಬ ನಿಷೇಧವೇನೂ ಇಲ್ಲ. ತಿಳಿಯಲು ಯಾರಿಗೂ ಇಷ್ಟವಿರಲಿಲ್ಲ, ಅಷ್ಟೆ.

ಮೊದಲು ನಾನು ಕುಳಿತೆ. ನೋಡುತ್ತಿದ್ದ ನೀಲವ್ವ ಸ್ತಂಭ ಹಿಂದಕ್ಕೆ ಹೋಯಿತೆಂದು ಮನಸ್ಸಿಲ್ಲದೆ ಒಪ್ಪಿಕೊಂಡರು. ಆಮೇಲೆ ಅವರು ಕುಳಿತರು. ಸ್ತಂಭ ಸೂಜಿಯಷ್ಟಾಯಿತು. ನಾನೂ ಅದನ್ನು ಮನಸ್ಸಿಲ್ಲದೆಯೇ ಹೇಳಿದೆ. ಉಷೆ ಇದೊಂದು ಆಟವೆಂದುಕೊಂಡು ಚೆಂಡನ್ನು ಅಪ್ಪಿ ಕುಳಿತಳು. ಅವಳಿಗೂ ಸ್ತಂಭ ಸರಿಯಿತು. ಕಡೆಗೆ ವಾರಿಜ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಗುಡ್ಡಕ್ಕೆ ಬೆನ್ನು ಮಾಡಿದಳು. ನಾವು ಮೂವರೂ ಮೇಲೆ ನೋಡುತ್ತ ನಿಂತೆವು. ಸ್ತಂಭ ಕೂದಲಷ್ಟೂ ಕದಲಲಿಲ್ಲ.

ಅವಳಿಗೆ ತಿರುಗಿ ನೋಡುವ ಅಗತ್ಯ ಬೀಳಲಿಲ್ಲ. ನಮ್ಮ ಮೌನದಿಂದಲೇ ತಿಳಿದುಕೊಂಡಳು.

"ನನ್ನ ಮಗನ್ನ ನೋಡಾಕ ನಿನಗ ಮನಸ್ಸಿಲ್ಲೇನವಾ?" ಎಂದು ನೀಲವ್ವ ಕೇಳಿದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕೇಳುವುದು ಸುಲಭವಾಗುತ್ತಿತ್ತು.

ವಾರಿಜ ಎದ್ದು ಸೀರೆ ಕೊಡವಿಕೊಂಡಳು. "ನಡೀತಾನೇ ಇದ್ದೀನಲ್ಲ ಅತ್ತೆ. ಬೆಳಗಿನಿಂದ ಒಂದು ಸಲಾನೂ ಕೂತಿಲ್ಲ. ಯಾಕೆ ಹೀಗಾಯ್ತೋ ನನಗೆ ಗೊತ್ತಿಲ್ಲ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಅಪ್ಪಾ, ನಾನಿದ್ದರೂ ಇಲ್ಲದಿದ್ದರೂ ಒಂದೇ ಅಂದಮೇಲೆ ನೀವು ಹೋಗಿಬಿಡಿ. ಬೇಗ ಬೇಗ ನಡೆದರೆ ಒಂದು ಗಳಿಗೆಯಾದರೂ ಉಷೆ ಅವರಪ್ಪನ್ನ ನೋಡ್ತಾಳೆ. ಇದನ್ನ ಕೊಟ್ಟುಬಿಡಿ." ಪೊಟ್ಟಣವನ್ನು ನನ್ನ ಕಡೆ ಚಾಚಿದಳು.

ನಾನು ಅದನ್ನು ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳುವುದೇ ಲೆಕ್ಕದ ಪ್ರಕಾರ ಸರಿಯಾದದ್ದಾಗಿತ್ತು. ಅವಳಿಗೆ ಕಟುವಾಗಿ ಏನೋ ಹೇಳಬೇಕೆಂದು ಬಾಯಿ ತೆರೆದೆ. ನನ್ನ ಮಗಳು ಮದುವೆಯನ್ನು ಬಿಟ್ಟುಕೊಡಲು ಹೊರಟಿದ್ದಾಳೆಂಬುದು ಆ ಹೊತ್ತಿಗೆ ನನಗೆ ಸಿದ್ಧವಾದ ಉತ್ತರದಂತೆ ಕಾಣುತ್ತಿತ್ತು. ಅಷ್ಟರಲ್ಲಿ ನೀಲವ್ವ ದಾರಿಯ ಮಧ್ಯದಲ್ಲಿಯೇ ಬಟ್ಟೆ ಹಾಸಿ ಬುತ್ತಿ ಬಿಚ್ಚಿದರು. ಬಿಟ್ಟು ಹೋಗುವ ಮಾತು ಬೇಡ, ಮೊದಲು ಹೊಟ್ಟೆಗೆ ಏನಾದರೂ ಬೀಳಲಿ ಎಂದರು. ಹೊತ್ತು ಹೋಗುತ್ತದೆಂದು ನಾನು ಎಚ್ಚರಿಸಿದೆ. "ಹೋಗೂ ಹೊತ್ತು ಹೋಗ್ಲಿ ಬಿಡ್ರಿ. ಈಕೀನ ಇಲ್ಲೆ ಕುಂದ್ರಿಸಿ ಮ್ಯಾಲ ಹೋಗಿ ಅವನ ಮುಂದ ಏನ್ ಹೇಳ್ಳಿ? ನಿನ್ನ ಹೆಂಡ್ತಿ ಲೆಕ್ಕಕ್ಕ ಬರ್ಲಿಲ್ಲ ಅಂತೇನು?" ಎಂದರು.

ಅವರು ರೊಟ್ಟಿ ಮುರಿದು ನಾಲ್ವರಿಗೂ ಕೊಟ್ಟರು. ವಾರಿಜ ಕೈಯಲ್ಲಿ ಹಿಡಿದುಕೊಂಡಳು, ತಿನ್ನಲಿಲ್ಲ. ಅವಳ ಕಣ್ಣು ಮೇಲಿನ ದಾರಿಯಲ್ಲಿತ್ತು. ಇನ್ನೊಂದು ಸಂಸಾರ, ಏಳೆಂಟು ಜನರ ಗುಂಪು, ನಮ್ಮನ್ನು ದಾಟಿಹೋಯಿತು. ಅವರಲ್ಲಿ ಮುದುಕಿಯೊಬ್ಬಳು, ಬುತ್ತಿಯನ್ನು ಇಲ್ಲಿಯೇ ಮುಗಿಸಿದರೆ ಮೇಲೆ ಗಂಡಸಿಗೇನು ಕೊಡುತ್ತೀರಿ ಎಂದು ಚೇಷ್ಟೆ ಮಾಡಿದಳು. ನೀಲವ್ವ ಬಾಯಿ ಬಿಗಿದುಕೊಂಡದ್ದನ್ನು ನಾನು ಮೊದಲ ಬಾರಿ ನೋಡಿದೆ. ಕ್ಷಣ ಮಾತ್ರದಲ್ಲಿ ಆ ಗುಂಪು ಚುಕ್ಕೆಗಳಾಗಿ ಧ್ವಜದ ಬಳಿ ಸೇರಿತು.

ಆಗ ಉಷೆ ಎದ್ದು ನಿಂತಳು. ಮೇಲಿನ ತಿರುವಿನಿಂದ ಒಬ್ಬ ಇಳಿದು ಬರುತ್ತಿದ್ದ. ಹಸಿರು ಅಂಗಿ, ಬರಿಗೈ. ಅವನ ನಡಿಗೆಯನ್ನು ನಮ್ಮೆಲ್ಲರಿಗಿಂತ ಮುಂಚೆ ಮಗು ಗುರುತಿಸಿತು.

ಫಕೀರೇಶ ನಮ್ಮ ಮುಂದೆ ಬಂದು ನಿಂತು ಮಗಳನ್ನು ಎತ್ತಿಕೊಂಡ. ಮಧ್ಯಾಹ್ನದ ಊಟದ ಗಂಟೆಯಾದರೂ ನಾವು ಕಾಣಿಸಲಿಲ್ಲವಂತೆ. ಸುಬೇದಾರರ ಅಪ್ಪಣೆ ಪಡೆದು, ಕಹಳೆಗೆ ಮುಂಚೆ ಮರಳುವೆನೆಂದು ಮಾತುಕೊಟ್ಟು ಬಂದಿದ್ದ. ಹೋಗುವಾಗ ನಾವು ಐವರಾಗುತ್ತೇವೆಂಬ ಧೈರ್ಯ ಅವನದು. ನಾವು ಅರ್ಧದಾರಿಯಿಂದಲೇ ಹಿಂದಿರುಗಿಬಿಟ್ಟಿದ್ದರೆ ಅವನ ಗತಿಯೇನೆಂದು ನಾನು ಗದರಿಸಿದೆ. ಅವನು ನಕ್ಕ.

"ಒಬ್ಬನೇ ಬಂದೆಯಾ?" ಎಂದು ಕೇಳಿದೆ.

"ಒಬ್ಬನ ಬಂದೀನ್ರಿ ಮಾವ. ಭಾಳ ಹೊತ್ತ ಹಿಡೀತೈತೋ ಏನೋ ಅನ್ಕೊಂಡ ಹೊಂಟಿದ್ದೆ. ಆದ್ರ ಇವತ್ತ ದಾರಿನ ನನ್ನ ಕಡೆ ಬಂದಂಗಾತು."

ನಾನು ಊಟದ ಗಂಟೆಯ ಹೊತ್ತನ್ನು ಸೂರ್ಯನಿಗೆ ಹೋಲಿಸಿದೆ, ಉಳಿದ ದಾರಿಯನ್ನು ಕಣ್ಣಿನಿಂದ ಅಳೆದೆ. ಒಬ್ಬ ಗಂಡಾಳು, ಎಷ್ಟೇ ಬಿರುಸಿನವನಾದರೂ, ಆ ಹೊತ್ತಿನಲ್ಲಿ ಅಲ್ಲಿಗೆ ಬಂದಿರಲು ಸಾಧ್ಯವಿರಲಿಲ್ಲ. ಮತ್ತೊಮ್ಮೆ ಭಾಗಿಸಿದೆ. ಸರಿಯಾಗಿ ಎರಡರಿಂದ ಭಾಗವಾಯಿತು, ಶೇಷವೇನೂ ಉಳಿಯಲಿಲ್ಲ. ಅವನು ನಡೆದು ಬಂದದ್ದು ಇಬ್ಬರ ದಾರಿ.

ವಾರಿಜ ಅವನ ಎದುರು ನಿಂತು ಪೊಟ್ಟಣ ಬಿಚ್ಚುತ್ತಿದ್ದಳು. ಕಾಲುಚೀಲದ ಹಿಮ್ಮಡಿಯನ್ನು ಎರಡೆಳೆ ಮಾಡಿದ್ದೇನೆ, ಒಳಗೆ ಇದನ್ನು ಹಾಕಿಕೊಂಡು ಮೇಲೆ ಸರಕಾರದ್ದನ್ನು ಹಾಕಿಕೊ ಎಂದು ಹೇಳುತ್ತಿದ್ದಳು. ಆಗಲೇ ಕೈಯಲ್ಲಿದ್ದ ರೊಟ್ಟಿಯನ್ನೂ ತಿನ್ನತೊಡಗಿದ್ದಳು. ನಾನು ನೀಲವ್ವನ ಕಡೆ ನೋಡಿದೆ. ಅವರು ಭಾಗಾಕಾರ ಕಲಿತವರಲ್ಲ. ಆದರೆ ಸೊಸೆಯನ್ನು ನೋಡುತ್ತ, ಸೆರಗಿನಿಂದ ಮೂಗು ಒರೆಸಿಕೊಂಡು, ಗಂಟು ಕಟ್ಟಲು ಬಗ್ಗಿದರು.

ಉಳಿದ ದಾರಿಯನ್ನು ಐವರಾಗಿ ನಡೆದೆವು. ಲೆಕ್ಕ ಒಂದು ಎಳೆಯೂ ತಪ್ಪಲಿಲ್ಲ. ಸುಣ್ಣದ ಕಲ್ಲುಗಳು ಒಂದನ್ನೊಂದು ನುಂಗಿದಂತೆ ಕಡಿಮೆಯಾದವು. ಧ್ವಜದ ಬಣ್ಣ, ಅದರ ಹಗ್ಗ, ಹಗ್ಗದ ಗಂಟು ಕೂಡ ಬೇಗ ಕಂಡವು. ಹುಲ್ಲುಹಾಸಿನ ಮೇಲೆ ಫಕೀರೇಶ ಚಪ್ಪಟೆ ಕಲ್ಲುಗಳನ್ನು ಪೇರಿಸಿ ಲಗೋರಿ ಹೂಡಿದ. ನನ್ನನ್ನೂ ಎಳೆದರು. ನಾನು ಎಸೆದ ಚೆಂಡು ಕಲ್ಲುಗಳಿಗೆ ತಾಗದೆ ಸುಬೇದಾರರ ಬುತ್ತಿಗೆ ಬಿತ್ತು. ನೀಲವ್ವ ಅದನ್ನು ಇಂದಿಗೂ ಆಡಿಕೊಳ್ಳುತ್ತಾರೆ. ಗಂಡಹೆಂಡಿರು ಬೇರೆ ಕುಳಿತು ಮಾತಾಡಲಿಲ್ಲ, ಅದಕ್ಕೆ ಅಲ್ಲಿ ಮರೆಯೂ ಇರಲಿಲ್ಲ. ಅವನು ಓಡಿ ಕಲ್ಲು ಪೇರಿಸುವಾಗ ಅವಳು ಚೆಂಡನ್ನು ಅವನ ಬೆನ್ನಿಗೆ ಎಸೆದು ಔಟ್ ಮಾಡಿದಳು. ಆ ವಾರಗಳಲ್ಲಿ ಅವಳು ನಕ್ಕದ್ದನ್ನು ನಾನು ಕೇಳಿದ್ದು ಅಂದೇ.

ನೆರಳು ಗೋಡೆಯನ್ನು ಮುಟ್ಟಿತು. ಕಹಳೆ ಊದಿತು. ಫಕೀರೇಶ ತಾಯಿಯ ಕಾಲು ಮುಟ್ಟಿ, ನನ್ನದೂ ಮುಟ್ಟಿ, ಮಗಳ ತಲೆಯ ಮೇಲೆ ಕೈಯಿಟ್ಟು, ಹೆಂಡತಿಯ ಮುಖವನ್ನು ಒಮ್ಮೆ ನೋಡಿ ಒಳಗೆ ಹೋದ. ಪದ್ಧತಿಯಂತೆ ಯಾರೂ ಅಳಲಿಲ್ಲ.

ಇಳಿಯುವಾಗ ನಾವು ನಾಲ್ವರೇ. ಉಷೆ ನನ್ನ ಕೈ ಹಿಡಿದಿದ್ದಳು. ವಾರಿಜ ನಮ್ಮ ಪಕ್ಕದಲ್ಲಿಯೇ ನಡೆಯುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಮಗುವಿನ ಮೂಗು ಒರೆಸುತ್ತಿದ್ದಳು. ನಾವು ಎಷ್ಟು ನಡೆದರೂ ಊರಿನ ದೀಪಗಳು ಹತ್ತಿರವಾಗಲಿಲ್ಲ. ನೆಲಕ್ಕೆ ಒರಗಿದ ಆ ಕಲ್ಲು ಮತ್ತೆ ಎದುರಾಯಿತು, ಹಾವಸೆ ಬೆಳೆದ ಕಲ್ಲೂ ಎದುರಾಯಿತು. ಅವು ಮೂವರ ದಾರಿಯ ಕಲ್ಲುಗಳು.

ನಾನು ನಿಂತು ಎಣಿಸಲಿಲ್ಲ. ಯಾರನ್ನೂ ಬೆನ್ನು ಮಾಡಿ ಕೂರಿಸಲಿಲ್ಲ. ಮೇಲೆ ನಾಳೆ ಬೆಳಿಗ್ಗೆ ತಂಡ ಹಿಮದ ಕಡೆ ಹೊರಡುವಾಗ ಒಬ್ಬನ ದಾರಿ ಉಳಿದವರದಕ್ಕಿಂತ ಸ್ವಲ್ಪ ಕಿರಿದಾಗಿರುತ್ತದೆಂದು ಮಾತ್ರ ಎಣಿಸಿಕೊಂಡೆ.

ಸೀಳುಬಂಡೆಯ ಬಳಿ ವಾರಿಜ ಮಗುವನ್ನು ಮೊದಲು ದಾಟಿಸಲು ಮುಂದೆ ಹೋದಳು. ನೀಲವ್ವ ಗಂಟನ್ನು ಇಳಿಸಿ ಉಸಿರು ಬಿಟ್ಟರು.

"ಬೀಗರ, ಇವತ್ತ ಇಳಿಯೂದು ಭಾಳ ದೂರ ಆತಲ್ಲ?"

"ವಯಸ್ಸಾಯಿತು ಬೀಗಿತ್ತಿಯವರೆ" ಎಂದೆ.

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಹೌದ್ರಿ, ವಯಸ್ಸ" ಎಂದು ಒಪ್ಪಿಕೊಂಡರು. ನಾನು ಹೇಳಿದ್ದನ್ನು ಅವರು ಒಪ್ಪಿದ್ದು ಅದೇ ಮೊದಲು. ಆಮೇಲೆ ಗಂಟನ್ನು ಬಿಚ್ಚಿ, ಪಾತ್ರೆಗಳನ್ನು ಎರಡು ಸಣ್ಣ ಗಂಟುಗಳಾಗಿ ಹಂಚಿ ಕಟ್ಟಿ, ಒಂದನ್ನು ನನ್ನ ಕೈಗಿಟ್ಟರು. "ಅಂವ ಬರೂತನಕ ನಾನೂ ಇಲ್ಲೇ ಇರ್ತೀನಿ. ನಾನೂ ಹ್ವಾದ್ರ ನಿಮಗ ದಾರಿ ಸಾಗೂದಿಲ್ಲ" ಎಂದರು.

ಬಂಡೆಯ ಆಚೆಯಿಂದ ವಾರಿಜ ನಮ್ಮನ್ನು ಕರೆದಳು. ಒಬ್ಬರ ಹಿಂದೆ ಒಬ್ಬರು ಅಡ್ಡ ಸರಿದು ದಾಟಿದೆವು. ಗಂಟುಗಳು ಸಿಕ್ಕಿಕೊಳ್ಳಲಿಲ್ಲ.